ಪಾನಕದ ಮಾರನೇ ದಿನ: ಎರಡನೇ ಅಲೆಯ ಒಂದು ಪ್ರಕರಣ

ಇದು ಕೋವಿಡ್‌ನ ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಡೆದದ್ದು. ಆಗ ನಾನು ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಶಿಯನ್ ಆಗಿದ್ದೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಅಂತ ವಯಸ್ಸು, ಕಸುಬು, ಸಂಬಂಧಗಳನ್ನು ಅಷ್ಟಿಷ್ಟು ಬದಲಾಯಿಸಿದ್ದೇನೆ. ದಿನಾಂಕಗಳನ್ನು ಮಾತ್ರ ಮುಟ್ಟಿಲ್ಲ. ಈ ಪ್ರಕರಣದಲ್ಲಿ ತಪ್ಪಿದ್ದೇ ದಿನದ ಲೆಕ್ಕ.

ರೋಗಿಯನ್ನು ಯಜಮಾನರು ಎಂದು ಕರೆಯುತ್ತೇನೆ. 58 ವರ್ಷ, ಗೊಬ್ಬರದ ಅಂಗಡಿ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನೆನಪಾದಾಗ ನುಂಗುವುದು, ಶುಗರ್ ನೋಡಿಸುವುದು ಯಾರಾದರೂ ಬೈದಾಗ. ಮನೆಯಲ್ಲಿ ಹೆಂಡತಿ, ಮಗ, ಹೆರಿಗೆಗೆಂದು ತವರಿಗೆ ಬಂದ ಮಗಳು, ಅವಳ ಕೂಸು, ಮತ್ತು 80 ದಾಟಿದ ಅಜ್ಜಿ.

ಮಳೆ ಬಂದ ಭಾನುವಾರ

ಏಪ್ರಿಲ್ 18, ಭಾನುವಾರ, ಕೂಸಿನ ನಾಮಕರಣ. ಊರಲ್ಲಿ ಇನ್ನೂ ಕರ್ಫ್ಯೂ ಇರಲಿಲ್ಲ. ಮೂರು ದಿನ ಬಿಟ್ಟು ರಾತ್ರಿ ಮತ್ತು ವಾರಾಂತ್ಯದ ಕರ್ಫ್ಯೂ ಬಂತು. ಮನೆಯವರು ಹುಷಾರಾಗಿಯೇ ಇದ್ದರು. ಬಾಗಿಲಲ್ಲಿ ಸ್ಯಾನಿಟೈಸರ್, ಊಟಕ್ಕೆ ತಾರಸಿಯ ಮೇಲೆ ಶಾಮಿಯಾನ. ತರಕಾರಿಯನ್ನೂ ಉಪ್ಪುನೀರಲ್ಲಿ ನೆನೆಸಿ ತೊಳೆದಿದ್ದರಂತೆ.

ಹನ್ನೆರಡರ ಹೊತ್ತಿಗೆ ಮಳೆ ಹೊಡೆಯಿತು. ಎಲ್ಲರೂ ಹಾಲ್‌ಗೆ ಇಳಿದರು. ಇರಚಲು ಒಳಗೆ ಬರುತ್ತದೆ ಅಂತ ಕಿಟಕಿ ಮುಚ್ಚಿದರು. ಸುಮಾರು 25 ಜನ, ಎರಡು ಪಂಕ್ತಿ ಊಟ, ಆಮೇಲೆ ತಾಂಬೂಲ, ಹಾಡು, ಹರಟೆ. ಮೂರು ಗಂಟೆ ಹಾಗೇ ಕಳೆಯಿತು. ಊಟ ಮಾಡುವಾಗ ಮಾಸ್ಕ್ ಹಾಕಲು ಆಗುತ್ತದಾ? ಬೆಂಗಳೂರಿನಿಂದ ಬಂದಿದ್ದ ಯಜಮಾನರ ಅಣ್ಣನ ಮಗನೇ ಎರಡು ಹಾಡು ಹೇಳಿದ್ದ. ಅವತ್ತು ಅವನಿಗೆ ಏನೂ ಆಗಿರಲಿಲ್ಲ. ಜ್ವರ ಬಂದಿದ್ದು 20ಕ್ಕೆ. 23ಕ್ಕೆ ಪಾಸಿಟಿವ್ ಅಂತ ಗೊತ್ತಾಯಿತು.

ಈ ವೈರಸ್ಸಿನ ಕಷ್ಟ ಇದೇ. ಲಕ್ಷಣ ಶುರುವಾಗುವುದಕ್ಕೆ ಒಂದೆರಡು ದಿನ ಮೊದಲೇ ಅದು ಉಸಿರಲ್ಲಿ ಹೊರಬರುತ್ತದೆ. ಕೆಮ್ಮು, ಸೀನು ಬೇಕೆಂದೇ ಇಲ್ಲ, ಮಾತು ಸಾಕು, ಹಾಡಿದರಂತೂ ಇನ್ನೂ ಜಾಸ್ತಿ. ದೊಡ್ಡ ಹನಿಗಳು ಒಂದೆರಡು ಮೀಟರಿನೊಳಗೆ ಬೀಳುತ್ತವೆ. ತೀರಾ ಸಣ್ಣ ಕಣಗಳು ಅಗರಬತ್ತಿಯ ಹೊಗೆಯ ಹಾಗೆ ಗಾಳಿಯಲ್ಲಿ ತೇಲುತ್ತವೆ. ಕಿಟಕಿ ತೆರೆದಿದ್ದರೆ ಹೊಗೆ ಹೋಗುತ್ತದೆ, ಮುಚ್ಚಿದ್ದರೆ ತುಂಬಿಕೊಳ್ಳುತ್ತದೆ. ಆ ಹಾಲ್‌ನಲ್ಲಿ ಕೂತವರಲ್ಲಿ ಒಂಬತ್ತು ಜನಕ್ಕೆ ಮುಂದಿನ ವಾರದಲ್ಲಿ ಸೋಂಕು ಕಂಡಿತು.

ಎಲ್ಲರಿಗಿಂತ ಹೆಚ್ಚು ಭಯವಿದ್ದದ್ದು ಅಜ್ಜಿಯ ಬಗ್ಗೆ. ಅಜ್ಜಿಗೆ ದಮ್ಮು. ಹೋಮದ ಹೊಗೆ ಆಗುವುದಿಲ್ಲ ಅಂತ ಬೆಳಿಗ್ಗೆಯಿಂದ ಹೊರಗಿನ ಜಗುಲಿಯಲ್ಲೇ ಕೂತಿದ್ದರು, ಊಟವನ್ನೂ ಅಲ್ಲಿಗೇ ತರಿಸಿಕೊಂಡಿದ್ದರು. ಅಜ್ಜಿಗೆ ಏನೂ ಆಗಲಿಲ್ಲ.

ಗಂಟಲು ಕೆರೆತ

21ನೇ ತಾರೀಕು ರಾಮನವಮಿ. ಯಜಮಾನರು ದೇವಸ್ಥಾನದಲ್ಲಿ ಮೂರು ಲೋಟ ಪಾನಕ ಕುಡಿದಿದ್ದರು. ಮಾರನೇ ದಿನ ಸಂಜೆ ಗಂಟಲು ಕೆರೆಯಿತು, ಮೈಕೈ ನೋವು. ಪಾನಕ ತಣ್ಣಗಿತ್ತು, ಅದಕ್ಕೇ ಅಂದುಕೊಂಡರು. ಯಾರಿಗೂ ಹೇಳಲಿಲ್ಲ.

24ಕ್ಕೆ ಜ್ವರ ಬಂತು. ಅಷ್ಟರಲ್ಲಿ ಬೆಂಗಳೂರಿನ ಹುಡುಗ ಪಾಸಿಟಿವ್ ಅಂತ ಸುದ್ದಿ ಬಂದಿತ್ತು. ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಚೀಟಿಯ ಫೋಟೋ ಬಂತು. ಅದು ಇನ್ಯಾರೋ ರೋಗಿ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದು ಸುಧಾರಿಸಿ ಮನೆಗೆ ಹೋಗುವಾಗ ಬರೆದುಕೊಟ್ಟದ್ದು. ಡಾಕ್ಸಿಸೈಕ್ಲಿನ್, ಐವರ್‌ಮೆಕ್ಟಿನ್, ಝಿಂಕ್, ವಿಟಮಿನ್ ಸಿ ಇದ್ದವು. ಕೊನೆಗೆ ಮೀಥೈಲ್‌ಪ್ರೆಡ್ನಿಸೋಲೋನ್ 16 ಮಿ.ಗ್ರಾಂ, ಬೆಳಿಗ್ಗೆ ಒಂದು, ಸಂಜೆ ಒಂದು, ಐದು ದಿನ. ಅದು ಸ್ಟೀರಾಯ್ಡ್ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೆಡಿಕಲ್ ಸ್ಟೋರಿನವರು ಕೇಳದೆ ಕೊಟ್ಟರು.

ಒಂದೇ ದಿನದಲ್ಲಿ ಜ್ವರ ಬಿಟ್ಟಿತು. ಮೈ ಹಗುರಾಯಿತು, ಹಸಿವು ಹೆಚ್ಚಾಯಿತು. 26ರ ಸೋಮವಾರ ಅಳಿಯನ ಒತ್ತಾಯಕ್ಕೆ ಗಂಟಲ ದ್ರವ ಕೊಟ್ಟು, ಅಲ್ಲಿಂದ ನೆಟ್ಟಗೆ ಅಂಗಡಿಗೆ ಹೋದರು. ಮರುದಿನ ಹೆಂಡತಿಗೆ ಜ್ವರ. ವಾರದೊಳಗೆ ಅಂಗಡಿಯ ಇಬ್ಬರು ಹುಡುಗರಿಗೂ ಬಂತು.

ಆಗ ಲ್ಯಾಬುಗಳ ಮುಂದೆ ಸ್ಯಾಂಪಲ್ ರಾಶಿ ಬಿದ್ದಿತ್ತು. ರಿಪೋರ್ಟ್ ಬಂದದ್ದು 29ಕ್ಕೆ. ಮನೆಯವರ ಲೆಕ್ಕದಲ್ಲಿ ಕಾಯಿಲೆ ಶುರುವಾದದ್ದೇ ಅವತ್ತು. "ಇವತ್ತು ಮೊದಲನೇ ದಿನ, ಜ್ವರಾನೂ ಇಲ್ಲ" ಅಂತ ಮಗ ಸಮಾಧಾನ ಮಾಡಿಕೊಂಡಿದ್ದ. ನಿಜಕ್ಕೂ ಅದು ಎಂಟನೇ ದಿನ.

ಈ ಕಾಯಿಲೆಗೆ ಎರಡು ಹಂತ ಇವೆ. ಮೊದಲ ವಾರ ವೈರಸ್ಸಿನದು. ಅದರ ಮೈಮೇಲಿನ ಮುಳ್ಳು ನಮ್ಮ ಜೀವಕೋಶಗಳ ಮೇಲಿರುವ ಎಸಿಇ2 ಎಂಬ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಮೂಗು, ಗಂಟಲಿನಲ್ಲಿ ಬೆಳೆದು ಕೆಲವರಲ್ಲಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೆಚ್ಚಿನವರಲ್ಲಿ ಅಲ್ಲಿಗೇ ಮುಗಿಯುತ್ತದೆ. ಉಳಿದವರಲ್ಲಿ ಎರಡನೇ ವಾರ ವೈರಸ್ ಕಡಿಮೆಯಾಗುತ್ತಾ ಬಂದರೂ ಮೈಯ ರಕ್ಷಣಾ ಪಡೆ ಸುಮ್ಮನಾಗುವುದಿಲ್ಲ. ಶ್ವಾಸಕೋಶದ ಗಾಳಿಗೂಡುಗಳು ಉರಿಯೂತದಿಂದ ಊದಿಕೊಂಡು ನೀರು ತುಂಬುತ್ತವೆ, ಸಣ್ಣ ರಕ್ತನಾಳಗಳಲ್ಲಿ ಹೆಪ್ಪು ಕಟ್ಟುತ್ತದೆ. ಸ್ಟೀರಾಯ್ಡ್ ಕೆಲಸ ಮಾಡುವುದು ಈ ಎರಡನೇ ಹಂತದಲ್ಲಿ. ಮೊದಲ ಹಂತದಲ್ಲಿ ಕೊಟ್ಟರೆ ವೈರಸ್ ಜೊತೆ ಹೋರಾಡುತ್ತಿರುವ ನಮ್ಮ ಪಡೆಯ ಕೈಯನ್ನೇ ಕಟ್ಟಿದ ಹಾಗೆ.

ಇದು ಸುಮ್ನೆ ಹೇಳುವ ಮಾತಲ್ಲ. 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ 2104 ರೋಗಿಗಳಿಗೆ ದಿನಕ್ಕೆ 6 ಮಿ.ಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು ನೋಡಿದರು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಮೂರನೇ ಒಂದು ಭಾಗದಷ್ಟು ಇಳಿಯಿತು, ಆಕ್ಸಿಜನ್ ಮೇಲಿದ್ದವರಲ್ಲಿ ಐದನೇ ಒಂದು ಭಾಗದಷ್ಟು. ಆಕ್ಸಿಜನ್ ಬೇಕಿಲ್ಲದವರಲ್ಲಿ ಲಾಭವೇ ಕಾಣಲಿಲ್ಲ. ಔಷಧಿ ಪಡೆದವರಲ್ಲಿ ನೂರಕ್ಕೆ 17.8, ಪಡೆಯದವರಲ್ಲಿ 14 ಜನ ಸತ್ತಿದ್ದರು. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಆದರೂ ಮನೆಯಲ್ಲಿ ಕೂತು ನುಂಗಲು ಧೈರ್ಯ ಕೊಡುವ ಅಂಕಿಯಂತೂ ಅಲ್ಲ.

ಇಲ್ಲೊಂದು ವಿಚಿತ್ರ ಇದೆ. ಮೀಥೈಲ್‌ಪ್ರೆಡ್ನಿಸೋಲೋನ್ 32 ಮಿ.ಗ್ರಾಂ ಅಂದರೆ ಡೆಕ್ಸಾಮೆಥಸೋನ್ 6 ಮಿ.ಗ್ರಾಂಗೆ ಸಮ. ಯಜಮಾನರು ಮನೆಯಲ್ಲಿ ನುಂಗಿದ್ದು ನಾನು ವಾರ್ಡಿನಲ್ಲಿ ಕೊಡುವ ಅಳತೆಯನ್ನೇ. ಮೂರನೇ ದಿನ ಶುರುಮಾಡಿ ಏಳನೇ ದಿನ ಮುಗಿಸಿದ್ದರು. ಬೇಕಾಗಿ ಬಂದದ್ದು ಒಂಬತ್ತನೇ ದಿನ.

ಆರು ನಿಮಿಷದ ನಡಿಗೆ

30ನೇ ತಾರೀಕು ಮಧ್ಯಾಹ್ನ ಆಶಾ ಕಾರ್ಯಕರ್ತೆ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಹಿಡಿದು ಮನೆಗೆ ಬಂದರು. ಯಜಮಾನರು ಜಗುಲಿಯಲ್ಲಿ ಕೂತು ಫೋನಿನಲ್ಲಿ ಯೂರಿಯಾ ಲೋಡಿನ ಬಗ್ಗೆ ಜಗಳ ಆಡುತ್ತಿದ್ದರು. ಬೆರಳಿಗೆ ಹಾಕಿದಾಗ 95. ಅಲ್ಲಿಗೆ ಬರೆದುಕೊಂಡು ಮುಂದಿನ ಮನೆಗೆ ಹೋಗಬಹುದಿತ್ತು. ಅವತ್ತು ಅವರ ಪಟ್ಟಿಯಲ್ಲಿ ಇನ್ನೂ ಹತ್ತಾರು ಮನೆ ಇದ್ದವು. ಹೋಗಲಿಲ್ಲ. "ಅಣ್ಣ, ಒಂದು ಆರು ನಿಮಿಷ ಜಗುಲಿ ಮೇಲೆ ಓಡಾಡಿ" ಅಂದರು. ನಾಲ್ಕು ನಿಮಿಷಕ್ಕೆ 89ಕ್ಕೆ ಇಳಿಯಿತು.

ಮೆಷಿನ್ ಕೆಟ್ಟಿದೆ ಅಂತ ಮಗ ತನ್ನ ಬೆರಳಿಗೆ ಹಾಕಿಕೊಂಡ. 98. ಯಜಮಾನರು "ನನಗೆ ಏದುಸಿರೂ ಇಲ್ಲ, ಎಂಥದೂ ಇಲ್ಲ ಕಣಮ್ಮ" ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಈ ಕಾಯಿಲೆಯಲ್ಲಿ ರಕ್ತದ ಆಕ್ಸಿಜನ್ ಇಳಿದರೂ ಎಷ್ಟೋ ಸಲ ಉಸಿರು ಕಟ್ಟಿದಂತೆ ಅನಿಸುವುದೇ ಇಲ್ಲ. ಉಸಿರು ಕಟ್ಟಿದ ಭಾವನೆ ಹೆಚ್ಚಾಗಿ ಬರುವುದು ಇಂಗಾಲದ ಡೈಆಕ್ಸೈಡ್ ಸೇರಿಕೊಂಡಾಗ. ಇಲ್ಲಿ ಅದು ಹೊರಹೋಗುತ್ತಲೇ ಇರುತ್ತದೆ. ಆಶಾ ಕಾರ್ಯಕರ್ತೆ ವಾದಕ್ಕೆ ನಿಲ್ಲಲಿಲ್ಲ. ಬಾಗಿಲಲ್ಲೇ ನಿಂತು ಆಂಬುಲೆನ್ಸ್‌ಗೆ ಫೋನ್ ಮಾಡಿದರು. ಇಡೀ ಪ್ರಕರಣದಲ್ಲಿ ಅತ್ಯಂತ ಸರಿಯಾದ ತೀರ್ಮಾನ ಇದೇ ಅಂತ ನಾನು ಇವತ್ತಿಗೂ ಹೇಳುತ್ತೇನೆ. ನನ್ನ ತೀರ್ಮಾನಗಳು ಅಷ್ಟು ಚೊಕ್ಕವಾಗಿರಲಿಲ್ಲ.

ಸಂಜೆ ಆಸ್ಪತ್ರೆಗೆ ಬಂದಾಗ ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 86, ನಿಮಿಷಕ್ಕೆ 30 ಉಸಿರು, ಶುಗರ್ 412. ಜ್ವರ ಯಾವಾಗ ಅಂತ ಕೇಳಿದೆ. 24ಕ್ಕೆ ಅಂದರು. ಸ್ವ್ಯಾಬ್ ಯಾವಾಗ? 26. ಮಗ ರಿಪೋರ್ಟ್ ತೋರಿಸಿದ. ನಾನು ಕೇಸ್ ಶೀಟಿನಲ್ಲಿ ಏಳನೇ ದಿನ ಅಂತ ಬರೆದೆ. ಗಂಟಲು ಕೆರೆತದ ವಿಷಯ ಹೊರಬಿದ್ದದ್ದು ಮಾರನೇ ದಿನ, ಸಿಸ್ಟರ್ ಸುಮ್ನೆ ಮಾತಾಡಿಸುತ್ತಾ "ರಾಮನವಮಿ ಹೊತ್ತಿಗೆ ಚೆನ್ನಾಗಿದ್ರಾ?" ಅಂತ ಕೇಳಿದಾಗ. ಏಳನ್ನು ಹೊಡೆದು ಒಂಬತ್ತು ಮಾಡಿದೆ.

ಎರಡು ದಿನದಲ್ಲಿ ಏನು ಮಹಾ ಅನ್ನಿಸಬಹುದು. ಮೊದಲ ರಾತ್ರಿ ಮಗ ರೆಮ್ಡಿಸಿವಿರ್ ಚೀಟಿಗಾಗಿ ಕಾಡಿದ್ದ. ನಾನು ಬರೆದುಕೊಟ್ಟಿದ್ದೆ. ವಿವರಿಸಿ ಹೇಳುವುದಕ್ಕಿಂತ ಬರೆಯುವುದು ಸುಲಭವಾಗಿತ್ತು, ಅಷ್ಟೇ. ಆ ಔಷಧಿ ವೈರಸ್ ಬೆಳೆಯುವುದನ್ನು ತಡೆಯುತ್ತದೆ, ಅಂದರೆ ಬೇಗ ಕೊಟ್ಟಷ್ಟೂ ಅರ್ಥ ಇದೆ. ಬೇಗ ಸುಧಾರಿಸಬಹುದು ಅಂತ ಒಂದು ಪ್ರಯೋಗ ಹೇಳಿತ್ತು. ಸಾವು ಕಡಿಮೆಯಾಗುವುದು ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಪ್ರಯೋಗದಲ್ಲಿ ಕಂಡಿರಲಿಲ್ಲ. ಪೂರ್ತಿ ಕೋರ್ಸಿಗೆ ಆರು ವಯಲ್ ಬೇಕು. ಮಗ ರಾತ್ರಿಯಿಡೀ ಫೋನ್ ಮಾಡಿ, ಕಾಳಸಂತೆಯಲ್ಲಿ ಎರಡು ತಂದ. ಎಷ್ಟು ಕೊಟ್ಟ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಒಂಬತ್ತನೇ ದಿನ ಅಂತ ಗೊತ್ತಾದ ಮೇಲೆ ಕೂರಿಸಿಕೊಂಡು ಹೇಳಿದೆ: "ಇದರಿಂದ ಈಗ ಹೆಚ್ಚೇನೂ ಆಗಲ್ಲ, ಇನ್ನು ಹುಡುಕಬೇಡ. ನಿಮ್ಮಪ್ಪನ್ನ ಬೋರಲು ಮಲಗಿಸೋಕೆ ಸಹಾಯ ಮಾಡು." ಆ ಮಾತನ್ನು ಹಿಂದಿನ ರಾತ್ರಿಯೇ ಹೇಳಬೇಕಿತ್ತು.

ಗುಣವಾದವರ ರಕ್ತದಿಂದ ತೆಗೆದು ಕೊಡುವ ಪ್ಲಾಸ್ಮಾ ವಿಷಯವನ್ನೂ ಯಾರೋ ತೆಗೆದರು. ಅದಕ್ಕೆ ನಾನು ಜಗ್ಗಲಿಲ್ಲ. ನಮ್ಮ ದೇಶದ್ದೇ 464 ರೋಗಿಗಳ ಪ್ರಯೋಗದಲ್ಲಿ ಅದು ಉಪಯೋಗಕ್ಕೆ ಬಂದಿರಲಿಲ್ಲ. ಮೇ 17ಕ್ಕೆ ಅದನ್ನು ರಾಷ್ಟ್ರೀಯ ಮಾರ್ಗಸೂಚಿಯಿಂದಲೂ ಕೈಬಿಟ್ಟರು.

ಸ್ಟೀರಾಯ್ಡ್ ಪ್ರಶ್ನೆ ಮಾತ್ರ ಕಠಿಣವಾಗಿತ್ತು. ಐದು ದಿನ ಆಗಲೇ ನುಂಗಿದ್ದಾರೆ, ಶುಗರ್ 400 ದಾಟಿದೆ. ಈಗ ಮತ್ತೆ ಕೊಡಬೇಕಾ? ನಮ್ಮ ಕೈಯಲ್ಲಿದ್ದ ಜೀವ ಉಳಿಸುವ ಔಷಧಿ ಅದೊಂದೇ. ಕೊಡದೆ ಇರುವ ಹಾಗಿಲ್ಲ. ಡೋಸ್ ಜಾಸ್ತಿ ಮಾಡೋಣ ಅಂತ ಒಬ್ಬ ಸಹೋದ್ಯೋಗಿ ಹೇಳಿದರು. ನಾನು ಒಪ್ಪಲಿಲ್ಲ. 6 ಮಿ.ಗ್ರಾಂ, ಆಕ್ಸಿಜನ್ ಬೇಕಿರುವಷ್ಟು ದಿನ, ಹತ್ತು ದಿನ ಮೀರಬಾರದು. ಜೊತೆಗೆ ದಿನಕ್ಕೆ ನಾಲ್ಕು ಸಲ ಶುಗರ್ ನೋಡಿ ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಇಂಜೆಕ್ಷನ್.

ಸಿಲಿಂಡರ್ ಲೆಕ್ಕ

ಮೇ 3ಕ್ಕೆ ಹನ್ನೆರಡನೇ ದಿನ. ಚಾಮರಾಜನಗರದಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ರೋಗಿಗಳು ಸತ್ತ ಸುದ್ದಿ ಬಂದದ್ದು ಅವತ್ತೇ. ರಾಜ್ಯದಲ್ಲಿ ದಿನದ ಕೇಸು 50 ಸಾವಿರ ದಾಟಲು ಇನ್ನೆರಡೇ ದಿನ ಇತ್ತು. ನಮ್ಮ ಸ್ಟೋರಿನಲ್ಲಿ ಆ ರಾತ್ರಿ ತುಂಬಿದ ಸಿಲಿಂಡರುಗಳನ್ನು ನಾನೇ ಹೋಗಿ ಎರಡು ಸಲ ಎಣಿಸಿದೆ.

ಯಜಮಾನರಿಗೆ ಚೀಲ ಇರುವ ಮಾಸ್ಕಿನಲ್ಲಿ ನಿಮಿಷಕ್ಕೆ 15 ಲೀಟರ್ ಹೋಗುತ್ತಿತ್ತು. ಆದರೂ ಸ್ಯಾಚುರೇಶನ್ 88. ಜಿಲ್ಲಾಸ್ಪತ್ರೆಗೆ ಫೋನ್ ಮಾಡಿದರೆ ಐಸಿಯು ಬೆಡ್ ಇಲ್ಲ. ಮೂಗಿನಿಂದ ರಭಸವಾಗಿ ಆಕ್ಸಿಜನ್ ಕೊಡುವ ಹೈಫ್ಲೋ ಮೆಷಿನ್ ನಮ್ಮಲ್ಲಿ ಒಂದಿತ್ತು. ಅದು ನಿಮಿಷಕ್ಕೆ 60 ಲೀಟರ್ ತನಕ ಕುಡಿಯುತ್ತದೆ. ಒಂದು ಜಂಬೋ ಸಿಲಿಂಡರಿನಲ್ಲಿ ಸುಮಾರು 7000 ಲೀಟರ್. ಎರಡು ಗಂಟೆಯೊಳಗೆ ಖಾಲಿ. ಅದೇ ಸಿಲಿಂಡರ್ ಮಾಸ್ಕಿನಲ್ಲಿ ಏಳೂವರೆ ಗಂಟೆಗೂ ಹೆಚ್ಚು ಬರುತ್ತದೆ. ಒಬ್ಬರಿಗೆ ಹೈಫ್ಲೋ ಹಾಕಿದರೆ ನಾಲ್ಕು ಜನರ ಪಾಲು ಹೋದಂತೆ. ಹಾಕಲಿಲ್ಲ. ಇದನ್ನು ವೈದ್ಯಕೀಯ ತೀರ್ಮಾನ ಅಂತ ಕರೆಯಲು ನನಗೆ ಈಗಲೂ ಮನಸ್ಸು ಬರುವುದಿಲ್ಲ. ಅದು ಮನೆಯಲ್ಲಿ ಅಕ್ಕಿ ಕಡಿಮೆ ಇದ್ದಾಗ ಮಾಡುವ ಲೆಕ್ಕ.

ಉಳಿದಿದ್ದು ಬೋರಲು ಮಲಗಿಸುವುದು. ಶ್ವಾಸಕೋಶದ ಹೆಚ್ಚಿನ ಭಾಗ ಬೆನ್ನಿನ ಕಡೆ ಇರುತ್ತದೆ. ಅಂಗಾತ ಮಲಗಿದರೆ ಹೃದಯದ, ಹೊಟ್ಟೆಯ ಭಾರಕ್ಕೆ ಅದು ಅಮುಕಿಕೊಂಡು ಮುಚ್ಚಿಹೋಗುತ್ತದೆ. ಬೋರಲು ಮಲಗಿದರೆ ಬಿಚ್ಚಿಕೊಳ್ಳುತ್ತದೆ. ಖರ್ಚಿಲ್ಲ, ಕರೆಂಟ್ ಬೇಡ. ಆದರೆ ದೊಡ್ಡ ಹೊಟ್ಟೆಯ ಮನುಷ್ಯನಿಗೆ ಅದು ಶಿಕ್ಷೆ. ಹತ್ತು ನಿಮಿಷಕ್ಕೇ ಯಜಮಾನರು ಮಗ್ಗುಲಾಗುತ್ತಿದ್ದರು. ಎದೆ ಕೆಳಗೊಂದು, ಸೊಂಟದ ಕೆಳಗೊಂದು, ಮೊಣಕಾಲ ಕೆಳಗೊಂದು ದಿಂಬಿಟ್ಟು ಹೊಟ್ಟೆಗೆ ಜಾಗ ಮಾಡಿದ್ದು ರಾತ್ರಿ ಪಾಳಿಯ ಸಿಸ್ಟರ್. ಮಂಚದ ತಲೆಗಡೆ ಸ್ಟೂಲಿನ ಮೇಲೆ ಫೋನ್ ಇಟ್ಟು ಕೂಸಿನ ವಿಡಿಯೋ ಹಾಕಿದ್ದೂ ಅವರೇ. ಮುಖ ಕೆಳಗೆ ಮಾಡಿದರೆ ಮಾತ್ರ ಅದು ಕಾಣುತ್ತಿತ್ತು. ಎರಡು ಗಂಟೆ ಅಲುಗಾಡಲಿಲ್ಲ. 15 ಲೀಟರಿನಲ್ಲೇ 94 ತಲುಪಿತು. ಹಗಲೂ ರಾತ್ರಿ ಹಾಗೇ, ಎರಡೆರಡು ಗಂಟೆಗೆ ಭಂಗಿ ಬದಲಿಸುತ್ತಾ ಮೂರು ದಿನ. 6ನೇ ತಾರೀಕಿನಿಂದ ಲೀಟರ್ ಇಳಿಸಲು ಶುರುಮಾಡಿದೆವು. 10ಕ್ಕೆ ಆಕ್ಸಿಜನ್ ಬೇಡವಾಯಿತು. ಸ್ಟೀರಾಯ್ಡ್ ಅವತ್ತೇ ನಿಲ್ಲಿಸಿ, 12ಕ್ಕೆ ಮನೆಗೆ ಕಳಿಸಿದೆವು.

ಮನೆಯ ಕಡೆ

ಈ ನಡುವೆ ಮನೆಯಲ್ಲಿ ಬೇರೆಯೇ ಗಲಾಟೆ. ಮಗಳಿಗೂ ಪಾಸಿಟಿವ್. ಹಾಲು ಕುಡಿಸುವುದು ನಿಲ್ಲಿಸು ಅಂತ ಸುತ್ತಲಿನವರು. ಬೇಡ, ಕೈ ತೊಳೆದು ಮಾಸ್ಕ್ ಹಾಕಿಕೊಂಡು ಕುಡಿಸಲಿ ಅಂತ ಹೇಳಿ ಕಳಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಅದೇ ಆಗಿತ್ತು. ಕೂಸಿಗೆ ಒಂದು ದಿನ ಮೈ ಬಿಸಿಯಾಗಿ ಸರಿಹೋಯಿತು. ಬಾಣಂತಿ ಕೋಣೆಯ ಕಿಟಕಿ ತೆಗೆಸುವುದೇ ದೊಡ್ಡ ರಗಳೆ. ಬಾಣಂತಿಗೆ ಗಾಳಿ ಸೋಕಬಾರದು ಅಂತ ಅಜ್ಜಿ. ಕೊನೆಗೆ ರಾಜಿಯಾಯಿತು: ತಲೆ, ಕಿವಿ ಬಿಗಿಯಾಗಿ ಕಟ್ಟಿಕೊಳ್ಳುವುದು, ಕಿಟಕಿಯ ಮೇಲಿನ ಬಾಗಿಲು ತೆರೆದಿಡುವುದು.

ಹೆಂಡತಿಗೆ 52 ವರ್ಷ. ಏಪ್ರಿಲ್ 8ಕ್ಕೆ ಒಂದು ಡೋಸ್ ಲಸಿಕೆ ಹಾಕಿಸಿಕೊಂಡಿದ್ದರು. ಯಜಮಾನರು ನಾಮಕರಣ ಮುಗಿಯಲಿ ಅಂತ ಮುಂದೂಡಿದ್ದರು. ಆಕೆಗೆ ನಾಲ್ಕು ದಿನ ಜ್ವರ, ಆಮೇಲೆ ಸುಸ್ತು. ಪ್ಯಾರಾಸಿಟಮಾಲ್ ಬಿಟ್ಟರೆ ಏನೂ ಕೊಡಲಿಲ್ಲ. ದಿನಕ್ಕೆ ಮೂರು ಸಲ ಆಕ್ಸಿಮೀಟರ್, ಒಂದು ಸಲ ನಡಿಗೆ. ಕ್ಯಾಲೆಂಡರಿನಲ್ಲಿ 27ಕ್ಕೆ ಸುತ್ತು ಹಾಕಿ, ಐದರಿಂದ ಹನ್ನೆರಡನೇ ದಿನದವರೆಗೆ ಕೆಂಪು ಗೆರೆ ಎಳೆದುಕೊಟ್ಟೆ. ಒಮ್ಮೆಯೂ 95ಕ್ಕಿಂತ ಇಳಿಯಲಿಲ್ಲ. ಒಂದು ಡೋಸ್ ಕಾಪಾಡಿತೋ, ಸಕ್ಕರೆ ಕಾಯಿಲೆ ಇಲ್ಲದ್ದು ಕಾಪಾಡಿತೋ, ಅಥವಾ ಆ ಚೀಟಿಯ ಮಾತ್ರೆ ನುಂಗದ್ದೇ ಒಳ್ಳೆಯದಾಯಿತೋ, ಒಬ್ಬರನ್ನು ನೋಡಿ ಹೇಳಲಾಗದು.

ಸಡಿಲವಾದ ಹಲ್ಲು

ಮೇ 17ಕ್ಕೆ ಆಕೆಯೇ ಫೋನ್ ಮಾಡಿದರು. "ಸಾರ್, ಇವರಿಗೆ ಎಡಗೆನ್ನೆ ಜೋಮು ಹಿಡಿದ ಹಾಗಿದೆಯಂತೆ, ಮೇಲಿನ ಹಲ್ಲು ಅಲುಗಾಡ್ತಿದೆ. ನೀವು ಕೊಟ್ಟ ಹಾಳೆಯಲ್ಲಿ ಬರೆದಿದೆಯಲ್ಲ." ಡಿಸ್ಚಾರ್ಜ್ ಮಾಡುವಾಗ ಅರ್ಧ ಹಾಳೆಯಲ್ಲಿ ಬ್ಲಾಕ್ ಫಂಗಸ್ ಲಕ್ಷಣ ಬರೆದುಕೊಡುತ್ತಿದ್ದೆವು. ಆ ತಿಂಗಳು ಅದರ ಕೇಸುಗಳು ಬರಲು ಶುರುವಾಗಿದ್ದವು. 20ಕ್ಕೆ ಕೇಂದ್ರ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡುವ ಕಾಯಿಲೆಯಾಗಿಸಿ ಅಂತ ರಾಜ್ಯಗಳಿಗೆ ಹೇಳಿತು.

ಈ ಬೂಸ್ಟು ಮಣ್ಣಿನಲ್ಲಿ, ಗೊಬ್ಬರದಲ್ಲಿ, ಕೊಳೆಯುವ ಎಲೆಯಲ್ಲಿ ಇದ್ದೇ ಇರುತ್ತದೆ. ನಾವೆಲ್ಲ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಆದರೆ ಶುಗರ್ ಏರಿ, ಸ್ಟೀರಾಯ್ಡ್‌ನಿಂದ ರಕ್ಷಣೆ ಕುಗ್ಗಿದ ಮೈಯಲ್ಲಿ ಮೂಗಿನ ಪಕ್ಕದ ಸೈನಸ್‌ನಲ್ಲಿ ಬೇರು ಬಿಟ್ಟು, ರಕ್ತನಾಳಗಳನ್ನೇ ಮುಚ್ಚಿ, ಮಾಂಸ, ಮೂಳೆ ಸಾಯಿಸುತ್ತದೆ. ಕಣ್ಣಿಗೆ ಹೋದರೆ ಕಣ್ಣು, ಮಿದುಳಿಗೆ ಹೋದರೆ ಜೀವ. ನಾನು ಫೋನಿನಲ್ಲೇ ಮೆಡಿಕಲ್ ಕಾಲೇಜಿಗೆ ಹೊರಡಿ ಅಂದೆ, ಇಲ್ಲಿಗೆ ಬಂದು ತೋರಿಸುವುದೂ ಬೇಡ ಅಂತ.

ಅಲ್ಲಿ ಎರಡು ಆಪರೇಷನ್ ಆಯಿತು. ಈ ಬೂಸ್ಟಿಗೆ ಕೊಡುವ ಆಂಫೊಟೆರಿಸಿನ್ ಇಂಜೆಕ್ಷನ್ನಿಗೆ ಆಗ ಎಲ್ಲೆಡೆ ಹಾಹಾಕಾರ. ದಿನಕ್ಕೆ ಸಿಕ್ಕಷ್ಟು ಕೊಟ್ಟರು. ಮೇಲ್ದವಡೆಯ ಎಡಭಾಗ, ಐದು ಹಲ್ಲು ಹೋದವು. ಕಣ್ಣು ಉಳಿಯಿತು.

ಆ ಐದು ದಿನದ ಮಾತ್ರೆಯೇ ಇದಕ್ಕೆ ಕಾರಣ ಅಂತ ಬರೆದುಬಿಡುವುದು ಸುಲಭ. ಹಾಗೆ ಬರೆಯಲಾರೆ. ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ ಅವರಿಗೆ 9.8 ಇತ್ತು. ಅಂದರೆ ಈ ಕಾಯಿಲೆಗೆ ಮೊದಲೇ ಕೆಟ್ಟಿತ್ತು. ನಾನು ಕೊಟ್ಟ ಡೆಕ್ಸಾಮೆಥಸೋನೂ ಲೆಕ್ಕಕ್ಕೆ ಬರುತ್ತದೆ. ನಾನು ಕೊಟ್ಟದ್ದು ಬೇಕಾಗಿತ್ತು, ಮನೆಯಲ್ಲಿ ನುಂಗಿದ್ದು ಬೇಕಿರಲಿಲ್ಲ, ಅಷ್ಟೇ ಫರಕು. ಮೈಗೆ ಎರಡೂ ಒಟ್ಟಿಗೇ ಸೇರಿದವು.

ಆಮೇಲೆ ನಮ್ಮ ಜ್ವರದ ಓಪಿಡಿಯಲ್ಲಿ ಚೀಟಿಯ ಮೊದಲ ಸಾಲು ಬದಲಾಯಿತು. ಜ್ವರ ಎಂದಿನಿಂದ, ಸ್ವ್ಯಾಬ್ ಎಂದು ಅಂತ ಕೇಳುವುದಕ್ಕೆ ಮೊದಲು, "ಮೈಗೆ ಏನೋ ಸರಿಯಿಲ್ಲ ಅಂತ ಮೊದಲು ಅನಿಸಿದ್ದು ಯಾವತ್ತು?" ತಾರೀಕು ಕೇಳಿದರೆ ಜನಕ್ಕೆ ನೆನಪಿರುವುದಿಲ್ಲ. ಸಂತೆ ದಿನವಾ, ಅಮಾವಾಸ್ಯೆಗೆ ಮುಂಚೆಯಾ, ಮಳೆ ಬಂತಲ್ಲ ಅವತ್ತಾ ಅಂತ ಕೇಳಿದರೆ ಕರಾರುವಾಕ್ಕಾಗಿ ಹೇಳುತ್ತಾರೆ. ಎರಡನೇ ಸಾಲು, ಈಗಾಗಲೇ ನುಂಗುತ್ತಿರುವ ಮಾತ್ರೆಯ ಪಟ್ಟಿ ತರಲಿ. ಸ್ಟೀರಾಯ್ಡ್ ಅಂತ ಯಾರೂ ಬಾಯಲ್ಲಿ ಹೇಳುವುದಿಲ್ಲ, ಪಟ್ಟಿಯಲ್ಲಿ ಕಾಣುತ್ತದೆ.

2022ರ ಜನವರಿ, ಮೂರನೇ ಅಲೆ. ಬೆಳಿಗ್ಗೆ ಏಳಕ್ಕೆ ಯಜಮಾನರ ಫೋನ್. ಅಂಗುಳಕ್ಕೆ ಪ್ಲೇಟ್ ಹಾಕಿದ್ದರಿಂದ ಮಾತು ಸ್ವಲ್ಪ ಮೂಗಿನಲ್ಲಿ ಬರುತ್ತದೆ.

"ಡಾಕ್ಟ್ರೇ, ನಿನ್ನೆ ಸಂಜೆ ನಾಲ್ಕಕ್ಕೆ ಗಂಟಲು ಕೆರೆತ ಶುರು. ಇವತ್ತು ಎರಡನೇ ದಿನ. ಲಸಿಕೆ ಎರಡೂ ಆಗಿದೆ. ನಡೆದ ಮೇಲೆ 97, ಶುಗರ್ 168. ಮಾತ್ರೆ ಇನ್ನೂ ಯಾವುದೂ ತಗೊಂಡಿಲ್ಲ."